ನೆಲ್ಲಿಬಾಣೆಯ ಎರಡು ಗುಂಡು

೧೯೬೫ನೇ ಇಸವಿ ಮಾರ್ಚ್ ೧೬, ಮಂಗಳವಾರ. ಸಂಜೆ ನಾಲ್ಕು ಐವತ್ತಕ್ಕೆ ಭಾಗಮಂಡಲ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿದ ಕುಶಾಲಪ್ಪನ ಕಾಲಲ್ಲಿ ಚಪ್ಪಲಿ ಇರಲಿಲ್ಲ. ನೆಲ್ಲಿಬಾಣೆಯಿಂದ ಎರಡು ಮೈಲಿ ಓಡಿಬಂದಿದ್ದ. ಎಡಗಾಲ ಹೆಬ್ಬೆರಳಿನ ಉಗುರು ಕಿತ್ತು ರಕ್ತ ಸೋರುತ್ತಿತ್ತು, ಅದು ಅವನಿಗೆ ಗೊತ್ತೇ ಇರಲಿಲ್ಲ.

"ಸ್ವಾಮಿ, ಅಜ್ಜಿ ಹೋದ್ರು ಅಂತ ಹೋದೊ. ಅಜ್ಜಿ ಬದುಕಿ ಉಟ್ಟು. ಮಗ ಸತ್ತು ಬಿದ್ದುಟ್ಟು."

ಸಬ್‌ಇನ್ಸ್‌ಪೆಕ್ಟರ್ ಸಿದ್ದಬಸಪ್ಪನಿಗೆ ತಲೆಬುಡ ತಿಳಿಯಲಿಲ್ಲ. ಮೈಸೂರು ಕಡೆಯವನು, ಕೊಡಗಿಗೆ ಬಂದು ಎಂಟು ತಿಂಗಳಾಗಿತ್ತು. ಈ ಎಂಟು ತಿಂಗಳಲ್ಲಿ ಜಿಗಣೆ ಕಿತ್ತು ಎಸೆಯುವುದನ್ನೂ ಮನೆಮನೆಯಲ್ಲಿ ಕೋವಿ ನೇತುಹಾಕಿರುವುದನ್ನು ಕಂಡು ಬೆಚ್ಚದಿರುವುದನ್ನೂ ಕಲಿತಿದ್ದ. ಉಳಿದದ್ದು ಇನ್ನೂ ಕಲಿಯಬೇಕಿತ್ತು.

"ಕೂತ್ಕೊಂಡು ಹೇಳಪ್ಪ. ಯಾರು ಸತ್ತಿದ್ದು?"

"ಸೋಮಯ್ಯ. ನಮ್ಮ ಗದ್ದೆ ಆಚೆ ಮನೆ. ಮಿಲ್ಟ್ರಿಲಿ ಹವಾಲ್ದಾರ ಆಗಿದ್ದವ, ಈಗ ರೇಡಿಯೋ ರಿಪೇರಿ ಮಾಡುವ. ಕಡಿದು ಹಾಕಿದ್ದಾರೆ ಸ್ವಾಮಿ. ಎಂಥ ಕಡಿತ ಅಂತ ಹೇಳೋಕೆ ಬಾಯಿ ಬರುದಿಲ್ಲೆ."

"ನಿನಗೆ ಹೇಗೆ ಗೊತ್ತಾಯ್ತು?"

"ಎರಡು ಗುಂಡು ಕೇಳ್ತಲ್ಲ."

ಠಾಣಾ ಅಪರಾಧ ನಂಬರು ೧೧/೬೫, ಭಾರತೀಯ ದಂಡ ಸಂಹಿತೆ ಕಲಂ ೩೦೨ ಎಂದು ಎಫ್.ಐ.ಆರ್. ದಾಖಲಾಯಿತು. ಗುಂಡು ಎಂಬ ಮಾತು ಕಿವಿಗೆ ಬಿದ್ದಿದ್ದರಿಂದ ಸಿದ್ದಬಸಪ್ಪ "ಬಂದೂಕಿನಿಂದ ಸುಟ್ಟು, ಆಮೇಲೆ ಕಡಿದು" ಎಂದು ಬರೆಯಲು ಹೊರಟಿದ್ದ. ಪಕ್ಕದಲ್ಲಿದ್ದ ಕಾನ್ಸ್‌ಟೇಬಲ್ ಉತ್ತಯ್ಯ ಮೆಲ್ಲನೆ ಕೆಮ್ಮಿದ. "ಅಲ್ಲಿಗೆ ಹೋಗಿ ನೋಡಿ ಬರೆಯುವ ಸಾರ್" ಎಂದ. ಉತ್ತಯ್ಯ ಇಲ್ಲಿಯವನೇ, ಕೊಡವ. ಅವನು ಕೆಮ್ಮಿದರೆ ಲೇಖನಿ ಕೆಳಗಿಡುವುದು ಒಳ್ಳೆಯದೆಂದು ಸಬ್‌ಇನ್ಸ್‌ಪೆಕ್ಟರಿಗೆ ಅಷ್ಟರಲ್ಲಾಗಲೇ ಅನುಭವವಾಗಿತ್ತು.

ಐದು ಮುಕ್ಕಾಲಿಗೆ ನೆಲ್ಲಿಬಾಣೆ ತಲುಪಿದರು. ಅಂಗಳದಲ್ಲಿ ಇಪ್ಪತ್ತು ಮೂವತ್ತು ಜನ. ಸೋಮಯ್ಯನ ಹೆಂಡತಿ ದಮಯಂತಿ ಕಂಬಕ್ಕೆ ಒರಗಿ ಕೂತಿದ್ದಳು. ಒದ್ದೆ ಸೀರೆ ಹಾಗೆಯೇ ಮೈಮೇಲಿತ್ತು.

ಹೆಣ ಹೊರಕೋಣೆಯಲ್ಲಿ ಮಗ್ಗುಲಾಗಿ ಬಿದ್ದಿತ್ತು. ಮೊದಲ ಏಟು ಹಿಂದಿನಿಂದ, ಕತ್ತಿನ ಬಲಕ್ಕೆ. ಎರಡನೆಯದನ್ನು ತಡೆಯಲು ಹೋಗಿ ಎಡಗೈಯ ಮೂರು ಬೆರಳು ತುಂಡಾಗಿದ್ದವು. ಒಂದು ಬೆರಳು ಮೇಜಿನ ಕಾಲಿನ ಬಳಿ ಸಿಕ್ಕಿತು. ದವಡೆ ಎರಡಾಗಿ ಹಲ್ಲು ಕಾಣುತ್ತಿತ್ತು. ಒಟ್ಟು ಏಳು ಗಾಯ. ನಾಲ್ಕನೆಯದರ ಹೊತ್ತಿಗೇ ಪ್ರಾಣ ಹೋಗಿರಬೇಕು, ಉಳಿದ ಮೂರು ಸತ್ತವನ ಮೇಲೆ ಬಿದ್ದವು. ಗೋಡೆಯ ಮೇಲೆ ಆಳೆತ್ತರಕ್ಕೆ ರಕ್ತ ಚಿಮ್ಮಿ, ಇಳಿದು, ಒಣಗಿತ್ತು. ಶವ ಪಂಚನಾಮೆಗೆ ಕರೆದ ಇಬ್ಬರು ಪಂಚರಲ್ಲಿ ಒಬ್ಬ ಹೊರಗೋಡಿ ವಾಂತಿ ಮಾಡಿಕೊಂಡ. ಅವನ ಬದಲು ಇನ್ನೊಬ್ಬನನ್ನು ಕರೆಯಬೇಕಾಯಿತು.

ಒಂದೇ ಒಂದು ಗುಂಡಿನ ಗಾಯ ಇರಲಿಲ್ಲ.

"ಮತ್ತೆ ಎರಡು ಗುಂಡು ಕೇಳ್ತು ಅಂದ್ರಲ್ಲ?" ಎಂದ ಸಿದ್ದಬಸಪ್ಪ.

ಉತ್ತಯ್ಯ ಅವನನ್ನು ಬಾಗಿಲಿನಾಚೆ ಕರೆದೊಯ್ದ. "ಸಾರ್, ನಮ್ಮಲ್ಲಿ ಒಂದು ಗುಂಡು ಹಾರಿಸಿದ್ರೆ ಗಂಡು ಹುಟ್ಟಿತು ಅಂತ. ಎರಡು ಹಾರಿಸಿದ್ರೆ ಸಾವು. ಕೇಳಿದವರು ಕೈಲಿದ್ದ ಕೆಲಸ ಬಿಟ್ಟು ಆ ಮನೆಗೆ ಹೊರಡ್ತಾರೆ. ಇವರು ಗೌಡರು, ಇವರಲ್ಲೂ ಹಾಗೇ. ಇದು ಕೊಂದ ಗುಂಡಲ್ಲ, ಸತ್ತದ್ದು ಊರಿಗೆ ತಿಳಿಸುವ ಗುಂಡು."

"ಹಾಗಾದ್ರೆ ಹಾರಿಸಿದ್ದು ಯಾರು?"

ಉತ್ತಯ್ಯ ಅಂಗಳದ ಕಡೆ ತಿರುಗಿ ಜೋರಾಗಿ ಅದನ್ನೇ ಕೇಳಿದ. ಕುಶಾಲಪ್ಪ ಮನೆಯವರೇ ಹಾರಿಸಿದರೆಂದುಕೊಂಡಿದ್ದ. ಮನೆಯವರು ಕುಶಾಲಪ್ಪನೆಂದುಕೊಂಡಿದ್ದರು. ಅಷ್ಟು ಜನರೂ ಗುಂಡು ಕೇಳಿದ ಮೇಲೆಯೇ ಬಂದವರು. ಅದಕ್ಕೆ ಮೊದಲು ಸಾವಿನ ಸುದ್ದಿ ಗೊತ್ತಿದ್ದ ಒಬ್ಬನೇ ಒಬ್ಬ ಇದ್ದ, ಗುಂಡು ಹಾರಿಸಿದ್ದು ಅವನು. ಕೊಂದವನೇ ಸತ್ತವನಿಗೆ ಮರ್ಯಾದೆ ಮಾಡಿ ಹೋಗಿದ್ದ.

ಮನೆಯ ಕೋವಿ ನಡುಮನೆಯ ಗೋಡೆಯಲ್ಲಿ ಅದರ ಗೂಟದ ಮೇಲೆಯೇ ಇತ್ತು. ಒಂಟಿ ನಳಿಗೆಯದು. ಮೂಸಿ ನೋಡಿದರೆ ಮದ್ದಿನ ವಾಸನೆಗಿಂತ ಎಣ್ಣೆಯ ವಾಸನೆ ಜಾಸ್ತಿ. ಚಿಂದಿ ಬಟ್ಟೆ ತೂರಿಸಿ ನೋಡಿದ, ನಳಿಗೆ ಹೊಳೆಯುವಷ್ಟು ಶುಚಿಯಾಗಿತ್ತು. ಕೈಲು ಮುಹೂರ್ತದ ಹಬ್ಬದಲ್ಲಿ ಆಯುಧಗಳ ಜೊತೆ ಪೂಜೆ ಮಾಡಿದ ಮೇಲೆ ಅದನ್ನು ಇಳಿಸಿಲ್ಲ ಎಂದಳು ದಮಯಂತಿ. ಹತ್ತು ತೋಟೆಗಳಿದ್ದ ಪೆಟ್ಟಿಗೆಯಲ್ಲಿ ಎಂಟು ಇದ್ದವು.

ಕೊಲೆ ಮಾಡಿದವನು ಕೋವಿ ಇಳಿಸಿ, ಎರಡು ಗುಂಡು ಹಾರಿಸಿ, ನಳಿಗೆ ಒರೆಸಿ, ಎಣ್ಣೆ ಹಾಕಿ, ಅದರ ಜಾಗದಲ್ಲೇ ತೂಗುಹಾಕಿದ್ದ. ಗಾಬರಿಯಲ್ಲೂ ಕೈ ಬಿಡದ ಅಭ್ಯಾಸ. ಕೋವಿ ವಶಪಡಿಸಿಕೊಂಡು ಪಂಚನಾಮೆಯಲ್ಲಿ ಸೇರಿಸಿದರು.

ಕೋಣೆಯ ಮೂಲೆಯಲ್ಲಿ ಕಬ್ಬಿಣದ ದೊಡ್ಡ ಟ್ರಂಕು. ಬೀಗ ಒಡೆದು, ಬಟ್ಟೆಬರೆ, ಬೆಸುಗೆ ಕಡ್ಡಿ, ತಂತಿ ಸುರುಳಿ ಎಲ್ಲ ಹೊರಗೆಳೆದು ಹರಡಿದ್ದರು. ಕಾಗದಪತ್ರಗಳನ್ನು ಒಂದೊಂದಾಗಿ ತೆಗೆದು ನೋಡಿ ಎಸೆದಂತಿತ್ತು. ಕೈಗಡಿಯಾರ ಅಲ್ಲೇ ಇತ್ತು, ಟ್ರಾನ್ಸಿಸ್ಟರ್ ರೇಡಿಯೋ ಅಲ್ಲೇ ಇತ್ತು.

"ಏನು ಹೋಗಿದೆ ನೋಡಮ್ಮ."

ದಮಯಂತಿ ಬಂದು ನೋಡಿದಳು. ರಕ್ತದ ಕಡೆ ಕಣ್ಣು ಹಾಯಿಸದೆ ಸಾಮಾನು ಎಣಿಸಿದಳು. "ಮೀಟರು ಕಾಣುದಿಲ್ಲೆ."

"ಎಂಥ ಮೀಟರು?"

"ವೈರ್‌ಲೆಸ್ ಸರಿ ಉಟ್ಟಾ ಅಂತ ನೋಡುದು. ಕಪ್ಪು, ಬುತ್ತಿ ಡಬ್ಬಿಯಷ್ಟು. ಇವ್ರು ಮಲಾಯಾಕ್ಕೆ ಹೋಗುದಲ್ಲ, ರಬ್ಬರ್ ಎಸ್ಟೇಟಲ್ಲಿ ವೈರ್‌ಲೆಸ್ ಕೆಲ್ಸ ಸಿಕ್ಕಿತ್ತ್. ಇಪ್ಪತ್ತೊಂಬತ್ತಕ್ಕೆ ಮದ್ರಾಸಲ್ಲಿ ಹಡಗು. ಅಲ್ಲಿ ಬೇಕಾದೀತು ಅಂತ ಮೈದುನ ಕಳ್ಸಿಕೊಟ್ಟದ್ದ್."

ಟ್ರಂಕಿನ ಮುಚ್ಚಳದ ಒಳಗೆ ಒಂದು ಅಚ್ಚಿನ ಕಾಗದ ಅಂಟಿಸಿತ್ತು. ಹಡಗಿನ ಏಜೆಂಟರು ಕಳಿಸಿದ್ದು. ಹೊರದೇಶಕ್ಕೆ ಹೋಗುವ ಪ್ರಯಾಣಿಕರು ಒಯ್ಯುವ ವಿದ್ಯುತ್ ಮತ್ತು ವೈರ್‌ಲೆಸ್ ಉಪಕರಣಗಳ ತಯಾರಕರ ಹೆಸರು, ನಂಬರು, ಯಾರಿಂದ ಪಡೆದದ್ದೆಂಬ ವಿವರಗಳನ್ನು ಮುಂಚಿತವಾಗಿ ಅರ್ಜಿಯಲ್ಲಿ ತಿಳಿಸಿ ರಫ್ತು ಅನುಮತಿ ಪಡೆಯತಕ್ಕದ್ದು. ತಪ್ಪಿದಲ್ಲಿ ಮುಟ್ಟುಗೋಲು ಮತ್ತು ಶಿಕ್ಷೆ. ಸೋಮಯ್ಯ ಪ್ರತಿ ಸಾಲಿನ ಕೆಳಗೂ ಕೆಂಪು ಪೆನ್ಸಿಲಿನಿಂದ ಗೆರೆ ಎಳೆದಿದ್ದ.

"ಅವ ಹಾಗೇ ಸ್ವಾಮಿ" ಎಂದ ಕುಶಾಲಪ್ಪ. "ರೇಡಿಯೋ ಇಡುದಕ್ಕೆ ಸರಕಾರದ ಲೈಸೆನ್ಸ್ ಪುಸ್ತಕ ಉಟ್ಟಲ್ಲ, ಅದು ತೋರಿಸದೆ ಒಂದು ತಿರುಪು ಬಿಚ್ಚುತ್ತಿರಲಿಲ್ಲೆ. ಸೂಜಿ ಕೊಡುದಕ್ಕೂ ರಸೀತಿ ಕೇಳ್ತಾನೆ ಅಂತ ನಾವು ತಮಾಷೆ ಮಾಡುದು." ಅಷ್ಟು ಹೇಳಿ, ಇನ್ನು ತಮಾಷೆ ಮಾಡಲು ಅವನಿಲ್ಲ ಎಂಬುದು ನೆನಪಾಗಿ, ಮುಖ ಆಚೆ ತಿರುಗಿಸಿದ.

ಒಳಕೋಣೆಯಲ್ಲಿ ಸೋಮಯ್ಯನ ತಾಯಿ ಮಲಗಿದ್ದರು. ಎಪ್ಪತ್ತು ದಾಟಿದೆ. ಲಕ್ವ ಹೊಡೆದು ವರ್ಷವಾಯಿತು, ಮಾತಿಲ್ಲ, ಬಲಭಾಗ ಆಡುವುದಿಲ್ಲ. ನಡುವೆ ಇದ್ದದ್ದು ಹಲಗೆ ಗೋಡೆ. ಇವರಿಗೆ ಎಲ್ಲ ಕೇಳಿಸಿರಬೇಕು.

ಮಂಚದ ಬಳಿ ನೆಲದ ಮೇಲೆ ಸೋಮಯ್ಯನ ತಮ್ಮ ಬೋಜಪ್ಪ ಕೂತಿದ್ದ. ಮೂವತ್ತರ ಆಸುಪಾಸು, ಕಟ್ಟುಮಸ್ತು ಆಳು. ಸೇನೆಯ ಸಿಗ್ನಲ್ ಉಗ್ರಾಣವೊಂದರಲ್ಲಿ ನಾಯಕ್, ಅಣ್ಣನನ್ನು ಬೀಳ್ಕೊಡಲು ರಜೆಯ ಮೇಲೆ ಬಂದವನು. ಅತ್ತು ಅತ್ತು ಕಣ್ಣು ಊದಿತ್ತು. ತಾಯಿಯ ಕಾಲು ಹಿಡಿಯಲು ಕೈ ಚಾಚಿದ. ಮುದುಕಿ ಆಡುತ್ತಿದ್ದ ಎಡಗಾಲನ್ನು ಎಳೆದುಕೊಂಡು ಗೋಡೆಯ ಕಡೆ ಮುಖ ಮಾಡಿದರು. ಸಿದ್ದಬಸಪ್ಪ ಅದನ್ನು ನೋಡಿದ. ದುಃಖದಲ್ಲಿ ಮನುಷ್ಯರು ಹೇಗೆ ಹೇಗೋ ನಡೆದುಕೊಳ್ಳುತ್ತಾರೆ.

ಆ ಸಂಜೆ ಎಲ್ಲರಿಗೂ ಮೂರೇ ಪ್ರಶ್ನೆ. ಎಲ್ಲಿದ್ದೆ, ಎರಡು ಗುಂಡು ಎಷ್ಟು ಹೊತ್ತಿಗೆ ಕೇಳಿತು, ಕೇಳಿದಾಗ ಏನೆಂದುಕೊಂಡೆ.

ದಮಯಂತಿ: ಹೊಳೆಯಲ್ಲಿ ಬಟ್ಟೆ ಒಗೆಯುತ್ತಿದ್ದೆ. ಮೂರು ಮುಕ್ಕಾಲು. ಅತ್ತೆ ಹೋದರು ಎಂದುಕೊಂಡೆ.

ಕುಶಾಲಪ್ಪ: ಕಣದಲ್ಲಿದ್ದೆ. ಅಷ್ಟೇ ಹೊತ್ತು. ಅಜ್ಜಿ ಹೋದರು ಎಂದುಕೊಂಡೆ.

ಉಳಿದ ಹದಿನಾಲ್ಕು ಜನರೂ ಅದನ್ನೇ ಹೇಳಿದರು.

ಬೋಜಪ್ಪ: "ಭಾಗಮಂಡಲದಲ್ಲಿ ಹಗ್ಗ ತೆಗೊಂಡು ಬರ್ತಾ ಇದ್ದೆ ಸಾರ್, ಟ್ರಂಕು ಬಿಗಿಯೋಕೆ. ದಾರೀಲಿ ಗುಂಡು ಕೇಳ್ತು."

"ಏನಂದ್ಕೊಂಡೆ?"

"ಅವ್ವ ಹೋದ್ರು ಅಂದ್ಕೊಂಡೆ."

ಹದಿನೇಳನೇ ತಾರೀಕು ಬೆಳಿಗ್ಗೆ ಎಂಟೂವರೆಗೆ ಇನ್ನೊಂದು ಸುದ್ದಿ ಬಂತು. ಕೊಲೆಗಾರ ಸಿಕ್ಕಿದ್ದಾನೆ, ಜನ ಹಿಡಿದಿದ್ದಾರೆ. ಸಿದ್ದಬಸಪ್ಪ ಮತ್ತು ಉತ್ತಯ್ಯ ಸೈಕಲ್ ತುಳಿದು ಹೋಗುವಷ್ಟರಲ್ಲಿ ಆಗಬಾರದ್ದು ಬಹಳಷ್ಟು ಆಗಿಹೋಗಿತ್ತು.

ಸಣ್ಣಸ್ವಾಮಿ ಎಂಬವನು ಕುಶಾಲನಗರದ ಕಡೆಯಿಂದ ಬಂದು ಊರೂರು ಸುತ್ತಿ ಬ್ಯಾಟರಿ ಮಾರಿ ಹಳೇ ರೇಡಿಯೋ ಕೊಳ್ಳುವವನು. ವಾರದ ಹಿಂದೆ ಲೈಸೆನ್ಸ್ ಇಲ್ಲದ ಎರಡು ರೇಡಿಯೋ ತಂದು, ಸೋಮಯ್ಯ ರಿಪೇರಿ ಮಾಡುವುದಿಲ್ಲವೆಂದಾಗ ಅಂಗಳದಲ್ಲಿ ನಿಂತು ಕೂಗಾಡಿ ಹೋಗಿದ್ದ. ಅವನನ್ನು ಹಲಸಿನ ಮರಕ್ಕೆ ಕಟ್ಟಿದ್ದರು. ಬಲಗೈ ಮೊಣಕೈಯಲ್ಲಿ ಉಲ್ಟಾ ತಿರುಗಿ ಜೋತಾಡುತ್ತಿತ್ತು. ಬಾಯಿಂದ ರಕ್ತ, ಎದೆಯ ಮೇಲೆ ಎರಡು ಹಲ್ಲು ಅಂಟಿಕೊಂಡಿದ್ದವು. ಹತ್ತಾರು ಜನ ದೊಣ್ಣೆ ಹಿಡಿದಿದ್ದರೂ ಹೊಡೆಯುತ್ತಿದ್ದವನು ಒಬ್ಬನೇ. ಬೋಜಪ್ಪ, ಮಿಲಿಟರಿ ಬೂಟಿನಲ್ಲಿ ಪಕ್ಕೆಗೆ ಒದೆಯುತ್ತ, "ಒಪ್ಪಿಕೊ! ಒಪ್ಪಿಕೊ!" ಎಂದು ಅರಚುತ್ತಿದ್ದ.

ಉತ್ತಯ್ಯ ಲಾಠಿ ಅಡ್ಡ ಹಿಡಿದು ಅವನನ್ನು ಹಿಂದಕ್ಕೆ ತಳ್ಳಿದ. ಸಿದ್ದಬಸಪ್ಪ ಹಗ್ಗ ಕೊಯ್ದ. ಕಟ್ಟಿದ್ದ ಹಗ್ಗ ಹೊಸದು, ಇನ್ನೂ ಅಂಗಡಿಯ ಮಡಿಕೆ ಬಿಟ್ಟಿರಲಿಲ್ಲ. ಟ್ರಂಕು ಬಿಗಿಯಲು ತಂದದ್ದೇ ಇರಬೇಕು.

"ನಂಗ್ಯಾಕ್ ಸ್ವಾಮಿ ಹೊಡೀತಾರೆ?" ಸಣ್ಣಸ್ವಾಮಿ ಒಡೆದ ತುಟಿಯಲ್ಲಿ ಕೇಳಿದ. "ಬಯ್ದೆ, ದಿಟ. ಬಯ್ದೋರೆಲ್ಲ ಕೊಲೆ ಮಾಡ್ತಾರಾ? ನಿನ್ನೆ ಮಧ್ಯಾಹ್ನದ್ ಬಸ್ಸಲ್ಲಿ ಮಡಿಕೇರಿಗ್ ಹೋಗಿದ್ನಲ್ಲ, ಕಂಡಕ್ಟರ್ನೇ ಕೇಳ್ರಿ."

"ಎರಡು ಗುಂಡು ಹಾರಿಸಿದರೆ ಏನರ್ಥ, ಗೊತ್ತಾ ನಿಂಗೆ?"

"ಹಂದಿ ಹೊಡ್ದ್ರು ಅಂತ."

ಕಂಡಕ್ಟರನನ್ನು ಕೇಳಿದಾಗ ಹೌದೆಂದ. ಟಿಕೆಟಿನ ತಕರಾರಿನಿಂದ ಮುಖ ನೆನಪಿತ್ತು. ಸಣ್ಣಸ್ವಾಮಿಯನ್ನು ಮಡಿಕೇರಿ ಆಸ್ಪತ್ರೆಗೆ ಕಳಿಸಿದರು. ಆ ಕೈ ಮತ್ತೆ ಸರಿಯಾಗಲಿಲ್ಲ. ಕೊಲೆಯ ಸುದ್ದಿಯ ನಡುವೆ ಅವನ ಸುದ್ದಿ ಯಾರಿಗೂ ಬೇಕಿರಲಿಲ್ಲ.

ಅಂದು ಹನ್ನೊಂದು ಗಂಟೆಗೆ ಸಿದ್ದಬಸಪ್ಪ ಅಂಚೆ ಕಚೇರಿಗೆ ಹೋದ. ಸೋಮಯ್ಯನಂಥವನು ಅರ್ಜಿ ಬರೆಯದೆ ಇರಲಾರ. ಟ್ರಂಕು ಬಗೆದವನು ಹುಡುಕಿದ್ದೂ ಕಾಗದವನ್ನೇ. ಅರ್ಜಿ ಎಲ್ಲಿ ಹೋಯಿತು?

ಪೋಸ್ಟ್ ಮಾಸ್ತರ್ ಶಂಭಟ್ಟರು ಕನ್ನಡಕ ಹಣೆಗೇರಿಸಿದರು. "ನಿನ್ನೆಯೇ ಹೋಯಿತಲ್ಲ. ರಿಜಿಸ್ಟರ್ಡ್. ಮಧ್ಯಾಹ್ನ ಒಂದು ಹತ್ತಕ್ಕೆ ಬರೆದುಕೊಂಡಿದ್ದೇನೆ. ಮದರಾಸಿನ ಆಮದು ರಫ್ತು ನಿಯಂತ್ರಣ ಕಚೇರಿಗೆ."

"ನೀವು ಓದಿದಿರಾ?"

"ಛೆ ಛೆ, ಬೇರೆಯವರ ಕಾಗದ ಓದುದುಂಟಾ? ಆದರೆ ಅವ ಇಲ್ಲೇ ಬೆಂಚಿನ ಮೇಲೆ ಒಂದು ಗಂಟೆ ಕೂತಿದ್ದ. ಎಲ್ಲ ಭರ್ತಿ ಮಾಡಿದ್ದ, ಏಳನೇ ಕಾಲಂ ಒಂದು ಖಾಲಿ. ಯಾರಿಂದ ಪಡೆದದ್ದು ಅಂತ ಕೇಳುವ ಕಾಲಂ. ಪೆನ್ನು ಹಿಡಿಯುವುದು, ಇಡುವುದು. ಆಮೇಲೆ ನನ್ನ ಹತ್ರ ಕೇಳಿದ, ಇಂಥ ಅರ್ಜಿಯಲ್ಲಿ ಸುಳ್ಳು ಬರೆದರೆ ಏನಾಗ್ತದೆ ಅಂತ. ಜೈಲೇ ಆದೀತು ಮಾರಾಯ, ಚೀನಾ ಯುದ್ಧದ ಎಮರ್ಜೆನ್ಸಿ ಬೇರೆ ಇನ್ನೂ ತೆಗೆದಿಲ್ಲ, ಅಂದೆ. ತಲೆಯಾಡಿಸಿ ಬರೆದು ಅಂಟು ಹಚ್ಚಿ ಕೊಟ್ಟ."

"ಮುಖ ಹೇಗಿತ್ತು?"

"ಹೊಟ್ಟೆನೋವು ಬಂದವರ ಹಾಗೆ."

ಅಲ್ಲಿಂದಲೇ ಎರಡು ತಂತಿ ಹೋದವು. ಒಂದು, ಆ ಅರ್ಜಿಯ ನಕಲು ತರಿಸಿಕೊಡಬೇಕೆಂದು ಮಡಿಕೇರಿಯ ಪೊಲೀಸ್ ಸೂಪರಿಂಟೆಂಡೆಂಟರಿಗೆ. ಇನ್ನೊಂದು ಬೋಜಪ್ಪನ ಉಗ್ರಾಣಕ್ಕೆ, ವೈರ್‌ಲೆಸ್ ಪರೀಕ್ಷೆಯ ಮೀಟರು ಕಡಿಮೆ ಬಿದ್ದಿದೆಯೇ ಎಂದು.

ಸಂಜೆ ಆರಕ್ಕೆ ಕುಶಾಲಪ್ಪ ಹೇಳಿಕೆಗೆ ಸಹಿ ಹಾಕಲು ಠಾಣೆಗೆ ಬಂದ. ಕಾಲಿಗೆ ಬಟ್ಟೆ ಸುತ್ತಿದ್ದ. ಉತ್ತಯ್ಯ ಓದಿ ಹೇಳುತ್ತಿದ್ದಾಗ ನಡುವೆ ತಡೆದ.

"ಒಂದು ಬಿಟ್ಟುಹೋಯ್ತು. ಬೋಜಪ್ಪ ಬಂದದ್ದು ಬರ್ದಿಲ್ಲೆ."

"ಬಂದದ್ದು ಗೊತ್ತಲ್ಲ. ಗುಂಡು ಕೇಳಿ ಬಂದ."

"ಅವ ಗದ್ದೆ ಏರಿ ಮೇಲೆ ಓಡಿಬರುವಾಗ್ಲೇ ಅಣ್ಣಾ ಅಣ್ಣಾ ಅಂತ ಬೊಬ್ಬೆ ಹಾಕ್ತಾ ಬಂದದ್ದು. ನಮಗೆಲ್ಲ ಕರುಳು ಕಿತ್ತು ಬಂತು."

ಸಿದ್ದಬಸಪ್ಪ ಕೂತಲ್ಲಿಂದ ಎದ್ದ. "ಅಷ್ಟು ಹೊತ್ತಿಗೆ ಸತ್ತದ್ದು ಸೋಮಯ್ಯ ಅಂತ ಅವನಿಗೆ ಯಾರಾದ್ರೂ ಹೇಳಿದ್ರಾ? ದಾರಿಯಲ್ಲಿ ಯಾರಾದ್ರೂ ಸಿಕ್ಕಿದ್ರಾ?"

"ಯಾರು ಹೇಳುದು? ನಾವೆಲ್ಲ ಅಂಗಳದಲ್ಲೇ ಇದ್ದೊ. ನಾನ್ ಠಾಣೆಗೆ ಹೊರಟದ್ದು ಅವ ಬಂದ ಮೇಲೆ." ಹೇಳುತ್ತ ಹೇಳುತ್ತ ಕುಶಾಲಪ್ಪನ ಬಾಯಿ ಹಾಗೆಯೇ ತೆರೆದು ನಿಂತಿತು.

ಹದಿನಾರು ಜನ ಅಜ್ಜಿಗಾಗಿ ಓಡಿಬಂದರು. ಒಬ್ಬ ಅಣ್ಣನಿಗಾಗಿ ಓಡಿಬಂದ. ವರ್ಷದಿಂದ ಹಾಸಿಗೆ ಹಿಡಿದ ಮುದುಕಿ ಇರುವ ಮನೆಯಲ್ಲಿ, ಎರಡು ಗುಂಡು ಕೇಳಿ, ನಲವತ್ತೊಂದರ ಗಟ್ಟಿ ಗಂಡಸು ಸತ್ತನೆಂದು ಊಹಿಸಲು ಬೋಜಪ್ಪನೇನು ಜೋಯಿಸನೇ?

ಉಗ್ರಾಣದ ಉತ್ತರ ರಾತ್ರಿಯೊಳಗೆ ಬಂತು. ಜನವರಿ ಎಣಿಕೆಯಲ್ಲಿ ಒಂದು ಮೀಟರು ಕಡಿಮೆ. ನಾಯಕ್ ಬೋಜಪ್ಪನ ರಜೆ ಹತ್ತೊಂಬತ್ತಕ್ಕೆ ಮುಗಿಯುತ್ತದೆ.

ಹದಿನೆಂಟು, ಗುರುವಾರ, ಬೆಳಿಗ್ಗೆ ಹತ್ತು ಗಂಟೆ. ಸಿದ್ದಬಸಪ್ಪ, ಉತ್ತಯ್ಯ, ಜೊತೆಗೆ ಮಾರ ಎಂಬ ಹೊಸ ಕಾನ್ಸ್‌ಟೇಬಲ್. ಮನೆಯ ಕೋವಿ ಠಾಣೆಯಲ್ಲಿದೆ ಎಂಬ ಧೈರ್ಯದಲ್ಲಿ ಮೂವರೂ ಲಾಠಿಯಲ್ಲೇ ಹೊರಟಿದ್ದರು. ಅದು ಸಬ್‌ಇನ್ಸ್‌ಪೆಕ್ಟರ್ ಮಾಡಿದ ತಪ್ಪು. ಕೊಡಗಿನಲ್ಲಿ ಒಂದು ಮನೆಯ ಕೋವಿ ತಂದರೆ ಪಕ್ಕದ ಮನೆಯಲ್ಲಿ ಇನ್ನೊಂದು ಇರುತ್ತದೆ.

ಬೋಜಪ್ಪ ಅಂಗಳದಲ್ಲಿ ಸಾಮಾನು ಚೀಲ ಕಟ್ಟುತ್ತಿದ್ದ. ಖಾಕಿ ಕಂಡೊಡನೆ ನೆಟ್ಟಗೆ ನಿಂತ.

"ಒಂದು ಮಾತು ಕೇಳಬೇಕಿತ್ತು" ಎಂದ ಸಿದ್ದಬಸಪ್ಪ. "ಅವ್ವ ಹೋದ್ರು ಅಂದ್ಕೊಂಡೆ ಅಂದಿದ್ದೆ. ಮತ್ತೆ ಅಣ್ಣಾ ಅಂತ ಯಾಕೆ ಕೂಗಿದೆ?"

ಬೋಜಪ್ಪ ಕೈಲಿದ್ದ ಚೀಲವನ್ನು ಸಬ್‌ಇನ್ಸ್‌ಪೆಕ್ಟರನ ಮುಖಕ್ಕೆಸೆದು ಗದ್ದೆಗೆ ಹಾರಿದ. ಮೂವರೂ ಬೆನ್ನಟ್ಟಿದರು. ಗದ್ದೆ ದಾಟಿ ಕುಶಾಲಪ್ಪನ ಮನೆಗೆ ನುಗ್ಗಿದವನು ಹೊರಬರುವಾಗ ಕೈಯಲ್ಲಿ ಜೋಡು ನಳಿಗೆಯ ಕೋವಿ. ಅಡ್ಡ ಬಂದ ಕುಶಾಲಪ್ಪನ ತಲೆಗೆ ಹಿಡಿಯಲ್ಲಿ ಬಡಿದ. ಕುಶಾಲಪ್ಪ ಹೊಸ್ತಿಲ ಮೇಲೆ ಬಿದ್ದ. ಬೋಜಪ್ಪ ಮನೆಯ ಹಿಂದಿನ ಬಾಣೆಯ ಗುಡ್ಡ ಹತ್ತಿದ.

"ಬರಬೇಡಿ!" ಎಂದು ಮೇಲಿನಿಂದ ಕೂಗಿದ. "ಉತ್ತಯ್ಯ, ನಿನಗೆ ಹೆಂಡ್ತಿ ಮಕ್ಕಳಿದ್ದಾರೆ!"

ಉತ್ತಯ್ಯ ನಿಲ್ಲಲಿಲ್ಲ. ಮೊದಲ ಗುಂಡು ಅವನ ಎಡ ಭುಜಕ್ಕೆ ಬಿತ್ತು. ಸೀಸದ ಚರೆಗಳು ಅಂಗಿಯನ್ನೂ ಮಾಂಸವನ್ನೂ ಹರಿದವು, ಅವನು ತಿರುಗಿ ಮಂಡಿಯೂರಿದ. ಮಾರ ನೆಲ ಕಚ್ಚಿ ಮಲಗಿದ. ಸಿದ್ದಬಸಪ್ಪ ಕಾಫಿ ಗಿಡಗಳ ಸಾಲಿನಲ್ಲಿ ಬಗ್ಗಿ ಪಕ್ಕದಿಂದ ಹತ್ತಿದ. ಎರಡನೇ ಗುಂಡು ಅವನ ತಲೆಯ ಮೇಲಿನ ಕೊಂಬೆ ಮುರಿಯಿತು. ಇನ್ನೆರಡು ತೋಟೆ ತುಂಬಲು ಬೋಜಪ್ಪ ಕೋವಿಯ ನಳಿಗೆ ಬಗ್ಗಿಸಿ ತೆರೆದು ಜೇಬಿಗೆ ಕೈ ಹಾಕಿದಾಗ ಸಿದ್ದಬಸಪ್ಪ ಮೈಮೇಲೆ ಬಿದ್ದ.

ಇಬ್ಬರೂ ಉರುಳಿದರು. ಬೋಜಪ್ಪ ಕೋವಿಯ ಹಿಡಿಯಲ್ಲಿ ಅವನ ಬಾಯಿಗೆ ಗುದ್ದಿದ, ಮುಂದಿನ ಹಲ್ಲು ಮುರಿಯಿತು. ಸಿದ್ದಬಸಪ್ಪ ಬಿಡಲಿಲ್ಲ. ರಕ್ತ ಉಗುಳುತ್ತ ಅವನ ಕುತ್ತಿಗೆಗೆ ಲಾಠಿ ಅಡ್ಡ ಒತ್ತಿ ಹಿಡಿದ. ಅಷ್ಟರಲ್ಲಿ ಮಾರ ಬಂದು ಕೈ ತಿರುಚಿದ. ಮೂಳೆ ಲಟ್ಟೆಂದಿತು. ಬೋಜಪ್ಪನ ಕಿರುಚಾಟ ಕೆಳಗೆ ಅಂಗಳದಲ್ಲಿ ನಿಂತಿದ್ದ ದಮಯಂತಿಗೆ ಕೇಳಿಸಿತು. ಅವಳು ಅಲ್ಲಿಂದ ಕದಲಲಿಲ್ಲ.

ದಸ್ತಗಿರಿ ಮಾಡಿದ ಸಮಯ ಹತ್ತು ಇಪ್ಪತ್ತೈದು.

ಆ ಗುಂಡುಗಳೂ ಎರಡೇ ಆಗಿದ್ದವು. ಪೊಲೀಸರು ಬೋಜಪ್ಪನನ್ನು ಬಾಣೆಯಿಂದ ಇಳಿಸುವಷ್ಟರಲ್ಲಿ ಪಕ್ಕದ ಊರಿನಿಂದ ಏಳೆಂಟು ಜನ ಗದ್ದೆ ಏರಿ ಹಿಡಿದು ಬರುತ್ತಿದ್ದರು. "ಯಾರು ಹೋದ್ರು?" ಎಂದು ಕೇಳಿದರು. ಯಾರೂ ಹೋಗಿಲ್ಲ, ಮನೆಗೆ ಹೋಗಿ ಎಂದು ಮಾರ ಹೇಳಿದ. ಕುಶಾಲಪ್ಪ ತಲೆಗೆ ಟವೆಲ್ ಕಟ್ಟಿಕೊಂಡು ಎದ್ದು ಕೂತಿದ್ದ. ಉತ್ತಯ್ಯನ ಭುಜದಿಂದ ಹದಿಮೂರು ಚರೆ ತೆಗೆದರು.

ಮಧ್ಯಾಹ್ನ ಠಾಣೆಯಲ್ಲಿ, ಕೈಗೆ ಪಟ್ಟಿ ಕಟ್ಟಿಸಿದ ಮೇಲೆ, ಬೋಜಪ್ಪ ತಾನಾಗಿಯೇ ಹೇಳಿದ.

ಅವನು ಎರಡು ವರ್ಷದವನಿದ್ದಾಗ ಅಪ್ಪ ತೀರಿಕೊಂಡ. ಶಾಲೆಗೆ ಹೊತ್ತುಕೊಂಡು ಹೋದದ್ದು ಅಣ್ಣ, ಸೇನೆಗೆ ಸೇರಿಸಿದ್ದು ಅಣ್ಣ. ಆ ಅಣ್ಣ ಹಡಗು ಹತ್ತುತ್ತಾನೆ ಎಂದಾಗ ಏನಾದರೂ ಕೊಡಬೇಕೆನ್ನಿಸಿತು. ಉಗ್ರಾಣದಲ್ಲಿ ಧೂಳು ತಿನ್ನುತ್ತಿದ್ದ ಮೀಟರು ಕಣ್ಣಿಗೆ ಬಿತ್ತು. ಸರಕಾರದ ಗುರುತು ಅರದಿಂದ ತಿಕ್ಕಿ, ಹರಾಜಿನಲ್ಲಿ ಕೊಂಡೆ ಎಂದು ಹೇಳಿ ಟಪಾಲಿನಲ್ಲಿ ಕಳಿಸಿದ. ಅಣ್ಣ ಹಿಗ್ಗಿ, ಹಡಗಿಗೆ ಒಯ್ಯುವ ಸಾಮಾನಿನ ಪಟ್ಟಿಯಲ್ಲಿ ಅದನ್ನೂ ಬರೆದು ಏಜೆಂಟರಿಗೆ ಕಳಿಸಿಬಿಟ್ಟ.

"ಹದಿನೈದಕ್ಕೆ ಅರ್ಜಿ ತುಂಬೋಕೆ ಕೂತ. ನಂಬರು ಬರೀಬೇಕಲ್ಲ, ಮೀಟರು ಮಗುಚಿ ನೋಡಿದ. ಅರ ಹಾಕಿದ್ದು ಕಂಡಿತು. ಅವನೂ ಸಿಗ್ನಲ್‌ನವನೇ, ಅವನಿಗೆ ಹೇಳಿಕೊಡ್ಬೇಕಾ? ನಾನು ಎಲ್ಲ ಹೇಳ್ದೆ. ಅದನ್ನ ಬಿಟ್ಟು ಹೋಗು, ವಾಪಸ್ ಇಟ್ಟುಬಿಡ್ತೇನೆ ಅಂದೆ. ಪಟ್ಟಿಯಲ್ಲಿ ಇದ್ದದ್ದು ಪೆಟ್ಟಿಗೆಯಲ್ಲಿ ಇಲ್ಲದಿದ್ರೆ ಅದೂ ತಪ್ಪೇ, ಎಲ್ಲಿ ಹೋಯ್ತು ಅಂತ ಕೇಳ್ತಾರೆ ಅಂದ. ಇಪ್ಪತ್ತು ವರ್ಷ ಸರಕಾರಕ್ಕೆ ಒಂದು ಸುಳ್ಳು ಅಕ್ಷರ ಬರ್ದಿಲ್ಲೆ ಅಂದ."

"ಮಾರನೇ ದಿನ?"

"ಹಗ್ಗ ತಂದಿದ್ದೆ. ಅಳತೆಗೆ ಕತ್ತರಿಸ್ತಾ ಇದ್ದೆ, ಕತ್ತಿ ಕೈಯಲ್ಲೇ ಇತ್ತು. ಅಣ್ಣ ಬಂದ. ಅರ್ಜಿ ಎಲ್ಲಿ ಅಂದೆ. ಪೋಸ್ಟ್ ಮಾಡ್ದೆ ಅಂದ. ಏಳನೇ ಕಾಲಮಲ್ಲಿ ಎಂಥ ಬರ್ದೆ ಅಂದೆ. ಬರೆಯಬೇಕಾದ್ದು ಬರೆದಿದ್ದೇನೆ, ನೀನು ಇನ್ನಾದ್ರೂ ಬುದ್ಧಿ ಕಲಿ ಅಂತ ಹೇಳಿ ಬೆನ್ನು ತಿರುಗಿಸಿದ."

"ಅಷ್ಟಕ್ಕೇ ಕತ್ತಿ ಎತ್ತಿದೆಯಾ?" ಎಂದ ಸಿದ್ದಬಸಪ್ಪ.

"ಕೋರ್ಟ್ ಮಾರ್ಷಲ್ ಸಾರ್. ಸಿಗ್ನಲ್ ಸಾಮಾನು, ಹೊರದೇಶಕ್ಕೆ, ಎಮರ್ಜೆನ್ಸಿ ಕಾಲದಲ್ಲಿ. ಕಳ್ಳ ಅಂತ ಅಲ್ಲ, ದೇಶದ್ರೋಹಿ ಅಂತ ಬಟನು ಕಿತ್ತು ಕಳ್ಸ್ತಾರೆ. ನಮ್ಮಪ್ಪ, ಅಜ್ಜ ಎಲ್ಲ ಆ ಅಂಗಿ ಹಾಕಿದವರು. ಬೆನ್ನು ಕಂಡಿತು, ಹೊಡ್ದೆ. ಒಂದು ಹೊಡೆದ ಮೇಲೆ ಅವ ತಿರುಗಿ ನನ್ನ ಮುಖ ನೋಡಿದ. ಆ ನೋಟ ನಿಲ್ಲಲಿ ಅಂತಲೇ ಉಳಿದದ್ದೆಲ್ಲ."

ಆಮೇಲೆ ಮನೆಯಲ್ಲಿ ನಕಲು ಏನಾದರೂ ಉಳಿದಿದೆಯೇ ಎಂದು ಟ್ರಂಕು ಬಗೆದ. ಬಚ್ಚಲಲ್ಲಿ ಮೈ ತೊಳೆದ. ರಕ್ತದ ಅಂಗಿ, ಕತ್ತಿ, ಮೀಟರು ಮೂರನ್ನೂ ಗೋಣಿಯಲ್ಲಿ ಕಟ್ಟಿದ.

"ಹಾಗೇ ಓಡಿಹೋಗಬಹುದಿತ್ತು" ಎಂದ ಸಿದ್ದಬಸಪ್ಪ. ಮುರಿದ ಹಲ್ಲಿನಿಂದ ಮಾತು ತೊದಲುತ್ತಿತ್ತು. "ಅತ್ತಿಗೆ ಹೊಳೆಯಿಂದ ಬರೋಕೆ ಇನ್ನೂ ಒಂದು ಗಂಟೆ ಇತ್ತು. ಗುಂಡು ಯಾಕೆ ಹಾರಿಸಿದೆ?"

ಬೋಜಪ್ಪ ತಲೆಯೆತ್ತಿ, ಈ ಮೈಸೂರಿನವನಿಗೆ ಇಷ್ಟೂ ತಿಳಿಯದೇ ಎಂಬಂತೆ ನೋಡಿದ.

"ಅಣ್ಣ ಅಲ್ವಾ ಸಾರ್? ಹಾರಿಸದೆ ಬಿಟ್ಟರೆ ನಾಯಿ ಸತ್ತ ಹಾಗೆ ಆಗ್ತಿತ್ತು."

ಅವನು ತೋರಿಸಿದ ಜಾಗದಲ್ಲಿ, ಹೊಳೆಯ ಮಡುವಿನಿಂದ, ಪಂಚರ ಮುಂದೆ ಗೋಣಿ ಮೇಲೆತ್ತಿದರು. ಮೀಟರಿನ ತಳದಲ್ಲಿ ಅರದ ಗೀರು ಇತ್ತು, ನಂಬರು ಇನ್ನೂ ಓದಲು ಬರುತ್ತಿತ್ತು.

ಮದರಾಸಿನಿಂದ ಅರ್ಜಿಯ ನಕಲು ಬಂದದ್ದು ಇಪ್ಪತ್ತೇಳನೇ ತಾರೀಕು. ಸಿದ್ದಬಸಪ್ಪ ನಿಂತುಕೊಂಡೇ ಓದಿದ. ಆಮೇಲೆ ಕೂತುಕೊಂಡು ಇನ್ನೊಮ್ಮೆ ಓದಿದ. ಅಂದು ಮಧ್ಯಾಹ್ನದ ಬಸ್ಸಿಗೆ ಮಡಿಕೇರಿ ಜೈಲಿಗೆ ಹೋದ. ತನಿಖೆಗೆ ಅದು ಬೇಕಿರಲಿಲ್ಲ. ತೋರಿಸದಿರುವುದೇ ದಯೆ ಎಂದು ದಾರಿಯುದ್ದಕ್ಕೂ ಅನ್ನಿಸುತ್ತಿತ್ತು. ತೋರಿಸದಿದ್ದರೆ ಸೋಮಯ್ಯನಿಗೆ ಅನ್ಯಾಯ ಎಂದೂ ಅನ್ನಿಸುತ್ತಿತ್ತು.

ಸರಳಿನ ನಡುವಿನಿಂದ ಕಾಗದ ಕೊಟ್ಟ. ಬೋಜಪ್ಪ ಎಡಗೈಯಲ್ಲಿ ಹಿಡಿದು ಓದಿದ. ತಯಾರಕರ ಹೆಸರು ಸರಿ ಇತ್ತು. ನಂಬರು ಒಂದಂಕಿ ತಪ್ಪದೆ ಇತ್ತು. ಏಳನೇ ಕಾಲಮಿನಲ್ಲಿ, ಸೋಮಯ್ಯನ ದುಂಡು ಅಕ್ಷರಗಳ ಪಡಿಯಚ್ಚಿನಲ್ಲಿ, ಹೀಗಿತ್ತು: "ಬೆಂಗಳೂರಿನ ಹಳೇ ಸಾಮಾನಿನ ಅಂಗಡಿಯೊಂದರಲ್ಲಿ, ಪರಿಚಯವಿಲ್ಲದವರಿಂದ, ನಾನೇ ಖುದ್ದಾಗಿ ಕೊಂಡದ್ದು. ಇದರ ಬಗ್ಗೆ ಯಾವುದೇ ವಿಚಾರಣೆ ಬಂದಲ್ಲಿ ಅದಕ್ಕೆ ನಾನೊಬ್ಬನೇ ಹೊಣೆ."

"ಇದು ಸುಳ್ಳು" ಎಂದ ಬೋಜಪ್ಪ. "ಅಣ್ಣ ಸುಳ್ಳು ಬರೆಯುವವನಲ್ಲ."

"ಒಂದೇ ಒಂದು ಸಲ ಬರೆದ" ಎಂದ ಸಿದ್ದಬಸಪ್ಪ.

ಬೋಜಪ್ಪ ಕಾಗದವನ್ನು ಮಡಿಕೆ ಕೆಡದಂತೆ ಮಡಚಿ ಹಿಂದಕ್ಕೆ ಕೊಟ್ಟ. ಆಮೇಲೆ ಹಣೆಯನ್ನು ಕಬ್ಬಿಣದ ಸರಳಿಗೆ ಬಡಿಯತೊಡಗಿದ. ಮೂರು ಜನ ವಾರ್ಡರು ಬಂದು ಹಿಡಿಯುವ ಹೊತ್ತಿಗೆ ಹಣೆ ಒಡೆದು ಕಣ್ಣಿಗೆಲ್ಲ ರಕ್ತ ಇಳಿದಿತ್ತು.

ಆ ಸಂಜೆ ಠಾಣೆಯಲ್ಲಿ ಸಿದ್ದಬಸಪ್ಪ ಕೇಸ್ ಡೈರಿಯ ಕೊನೆಯ ಪುಟ ಬರೆದ. ಕೊಲೆಗೆ ಕಾರಣ ಎಂಬಲ್ಲಿ, ಮೃತನು ಅರ್ಜಿಯಲ್ಲಿ ಆರೋಪಿಯ ಹೆಸರು ಬರೆದಿರುವನೆಂದು ಆರೋಪಿಗಿದ್ದ ಭಯ ಎಂದು ಬರೆದ. ಆ ಭಯಕ್ಕೆ ಆಧಾರವಿರಲಿಲ್ಲ ಎಂದು ಸೇರಿಸಿ, ನಕಲನ್ನು ಕಡತಕ್ಕೆ ಹಾಕಿ ದಾರ ಕಟ್ಟಿದ.